ಕೆಮ್ಮು ಎಣಿಸುವ ಕೆಲಸ

ಪುಣೆಯಲ್ಲಿ ನಿನಗೇನು ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ, 'ಜನ ದಿನಕ್ಕೆ ಎಷ್ಟು ಸಲ ಕೆಮ್ಮುತ್ತಾರೆ ಅಂತ ಲೆಕ್ಕ ಇಡಿಸೋದು' ಎನ್ನುತ್ತೇನೆ. ಎಲ್ಲರೂ ನಗುತ್ತಾರೆ. ನಮ್ಮದು ಬ್ಯಾಡಗಿ. ಮೆಣಸಿನಕಾಯಿ ಸೀಸನ್ನಿನಲ್ಲಿ ಮಾರುಕಟ್ಟೆಯ ಕಡೆಗೆ ಕಾಲಿಟ್ಟರೆ ಸಾಕು, ಹಮಾಲರಿಂದ ಹಿಡಿದು ದಲಾಲರವರೆಗೆ ಎಲ್ಲರೂ ಸೀನುವವರೇ, ಕೆಮ್ಮುವವರೇ. ಅಂಥ ಊರಿನಲ್ಲಿ, ಕೆಮ್ಮು ಎಣಿಸುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಯಾರು ನಂಬುತ್ತಾರೆ?

ನಾನು ಡಾಕ್ಟರ್ ಅಲ್ಲ. ಬಿ.ಫಾರ್ಮ ಓದಿ ಪುಣೆಗೆ ಬಂದವನು. ಹನ್ನೊಂದು ವರ್ಷಗಳಿಂದ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಆಗಿದ್ದೇನೆ. ಹೊಸ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವಾಗ ಡಾಕ್ಟರು, ಕಂಪನಿ, ಎಥಿಕ್ಸ್ ಕಮಿಟಿ ಮತ್ತು ಪರೀಕ್ಷೆಗೆ ಒಪ್ಪಿಕೊಂಡ ವ್ಯಕ್ತಿ, ಈ ನಾಲ್ವರ ನಡುವೆ ಓಡಾಡುವ ಮನುಷ್ಯ ನಾನು. ಒಪ್ಪಿಗೆ ಪತ್ರ ಓದಿ ಹೇಳುವುದು, ಗುಳಿಗೆ ಎಣಿಸಿ ಕೊಡುವುದು, ಉಳಿದ ಗುಳಿಗೆ ಎಣಿಸಿ ವಾಪಸ್ ಪಡೆಯುವುದು, 'ಇವತ್ತು ಬರಬೇಕಿತ್ತು, ಯಾಕೆ ಬರಲಿಲ್ಲ' ಎಂದು ಫೋನ್ ಮಾಡುವುದು ನನ್ನ ಪಾಲಿನ ಕೆಲಸ. ಈ ಹಿಂದೆ ಸಕ್ಕರೆ ಕಾಯಿಲೆ, ಅಸ್ತಮಾ ಔಷಧಗಳ ಟ್ರಯಲ್‌ಗಳಲ್ಲಿ ಇದ್ದೆ. ಇತ್ತೀಚೆಗೆ ಮುಗಿದದ್ದು ದೀರ್ಘಕಾಲದ ಕೆಮ್ಮಿಗೆಂದು ತಯಾರಾಗುತ್ತಿರುವ ಒಂದು ಗುಳಿಗೆಯ ಟ್ರಯಲ್. ಗೌಪ್ಯತೆಯ ಕರಾರು ಇರುವುದರಿಂದ ಆ ಗುಳಿಗೆಯ ಹೆಸರು, ಕಂಪನಿಯ ಹೆಸರು ಬರೆಯುವಂತಿಲ್ಲ. ಆದರೆ ಅದೇ ಗುಂಪಿನ ಮೊದಲ ಔಷಧದ ಕಥೆ ಎಲ್ಲರಿಗೂ ಸಿಗುವಂಥದ್ದು. ಅದನ್ನು ಹೇಳಬಹುದು.

ಕೆಮ್ಮೇ ಕಾಯಿಲೆಯಾದಾಗ

ವಯಸ್ಕರಲ್ಲಿ ಎಂಟು ವಾರ ದಾಟಿದ ಕೆಮ್ಮನ್ನು ವೈದ್ಯರು ದೀರ್ಘಕಾಲದ ಕೆಮ್ಮು ಎನ್ನುತ್ತಾರೆ. ನಮ್ಮ ದೇಶದಲ್ಲಿ ಅಷ್ಟು ದಿನ ಕಾಯುವುದಕ್ಕಿಲ್ಲ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇರುವುದರಿಂದ, ಎರಡು ವಾರ ಕೆಮ್ಮು ನಿಲ್ಲದಿದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಬೇಕು. ಕ್ಷಯ ಅಲ್ಲ ಎಂದು ಗೊತ್ತಾದ ಮೇಲೆ ಉಳಿದ ಕಾರಣಗಳ ಹುಡುಕಾಟ ಶುರುವಾಗುತ್ತದೆ. ಅಸ್ತಮಾ ಇರಬಹುದು. ಮೂಗಿನ ಹಿಂಬದಿಯಿಂದ ಗಂಟಲಿಗೆ ಸಿಂಬಳ ಇಳಿಯುತ್ತಿರಬಹುದು. ಹೊಟ್ಟೆಯ ಆಮ್ಲ ಮೇಲೆ ಬರುತ್ತಿರಬಹುದು. ಇನ್ನೊಂದು ಕಾರಣ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ: ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ 'ಪ್ರಿಲ್' ಬಾಲದ ಮಾತ್ರೆಗಳು. ಇವು ಕೆಲವರಲ್ಲಿ ಒಣ ಕೆಮ್ಮು ತರುತ್ತವೆ. ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೆಮ್ಮು ತಾನಾಗಿಯೇ ಇಳಿಯುತ್ತದೆ. ಟ್ರಯಲ್‌ಗೆ ಬಂದ ಕೆಲವರನ್ನು ನಾವು ಬಾಗಿಲಲ್ಲೇ ವಾಪಸ್ ಕಳಿಸಿದ್ದೇವೆ. ಅವರಿಗೆ ಬೇಕಾಗಿದ್ದದ್ದು ಹೊಸ ಔಷಧವಲ್ಲ, ಹಳೆಯ ಮಾತ್ರೆಯ ಬದಲಾವಣೆ. (ಇದನ್ನು ಓದಿ ನೀವಾಗಿ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ.)

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಕೆಲವರು ಉಳಿಯುತ್ತಾರೆ. ಎಕ್ಸ್‌ರೇ ಸರಿ, ಸ್ಕ್ಯಾನ್ ಸರಿ, ಉಸಿರಾಟದ ಪರೀಕ್ಷೆ ಸರಿ, ಆದರೂ ಕೆಮ್ಮು ಮಾತ್ರ ಬಿಡುವುದಿಲ್ಲ. ಇಂಥವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ ಹೆಂಗಸರು. ಒಗ್ಗರಣೆಯ ಘಾಟು, ಊದುಬತ್ತಿ, ತಣ್ಣನೆ ಗಾಳಿ, ಒಮ್ಮೊಮ್ಮೆ ಬರೀ ಮಾತು ಸಾಕು, ಗಂಟಲಲ್ಲಿ ಕಡಿತ ಎದ್ದು ಕೆಮ್ಮು ಶುರುವಾಗಿಬಿಡುತ್ತದೆ. ಶ್ವಾಸನಾಳದ ನರಗಳು ಅತಿ ಸೂಕ್ಷ್ಮವಾಗಿರುವುದೇ ಇದಕ್ಕೆ ಕಾರಣ ಎಂದು ಈಗ ತಿಳಿದಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೇಸಿನ್ ಅನ್ನೇ ಅಳತೆ ಮಾಡಿ ಉಸಿರಿನೊಂದಿಗೆ ಎಳೆಸಿ, ಎಷ್ಟಕ್ಕೆ ಕೆಮ್ಮು ಬರುತ್ತದೆ ಎಂದು ನೋಡುವ ಪರೀಕ್ಷೆಯನ್ನು ಸಂಶೋಧಕರು ಬಹಳ ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ. ಬಣ್ಣ ಹೆಚ್ಚು ಖಾರ ಕಡಿಮೆ ಎಂದು ಹೆಸರಾದ ನಮ್ಮ ಬ್ಯಾಡಗಿ ಮೆಣಸಿನಕಾಯಿಯೇ ಊರನ್ನು ಅಷ್ಟು ಕೆಮ್ಮಿಸುವಾಗ, ಈ ಪರೀಕ್ಷೆಯನ್ನು ನನಗೆ ಯಾರೂ ವಿವರಿಸಿ ಹೇಳಬೇಕಾಗಲಿಲ್ಲ.

ಕೆಮ್ಮಿನ ಔಷಧದ ಚರಿತ್ರೆ ಮಾತ್ರ ಹೆಮ್ಮೆ ಪಡುವಂಥದ್ದಲ್ಲ. 1898ರಲ್ಲಿ ಜರ್ಮನಿಯ ಬಾಯರ್ ಕಂಪನಿ ಹೆರಾಯಿನ್ ಅನ್ನು ಮಾರುಕಟ್ಟೆಗೆ ತಂದದ್ದು ಕೆಮ್ಮಿನ ಔಷಧವಾಗಿ! ಕೋಡಿನ್ ಸಿರಪ್ಪುಗಳು ಚಟವಾಗಿ ಮಾರಾಟವಾಗುವುದನ್ನು ನಾವೆಲ್ಲ ಕಂಡಿದ್ದೇವೆ. 2022ರಲ್ಲಿ ಗಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದಲ್ಲಿ ಮಕ್ಕಳು ಸತ್ತದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ, ನಮ್ಮ ದೇಶದಲ್ಲೇ ತಯಾರಾದ ಸಿರಪ್ಪುಗಳಿಂದ. ಇಷ್ಟಾದರೂ ವರ್ಷಗಟ್ಟಲೆ ಕೆಮ್ಮುವವರಿಗೆಂದೇ ತಯಾರಾದ ಔಷಧ ಒಂದೂ ಇರಲಿಲ್ಲ. ನರನೋವಿನ ಗ್ಯಾಬಾಪೆಂಟಿನ್, ಸಣ್ಣ ಪ್ರಮಾಣದ ಮಾರ್ಫಿನ್ ಕೆಲವರಿಗೆ ನೆರವಾಗುತ್ತವೆ. ಆದರೆ ಅವು ಬೇರೆ ಕಾಯಿಲೆಗೆಂದು ಬಂದ ಔಷಧಗಳು.

ನಾಲಿಗೆಯ ದಾರಿಯಲ್ಲೇ ಕೆಮ್ಮಿನ ಬಾಗಿಲು

ನಮ್ಮ ಜೀವಕೋಶಗಳು ಶಕ್ತಿಗಾಗಿ ಬಳಸುವ ಎಟಿಪಿ ಎಂಬ ರಾಸಾಯನಿಕದ ಹೆಸರನ್ನು ಪಿಯುಸಿಯಲ್ಲಿ ವಿಜ್ಞಾನ ಓದಿದವರು ಕೇಳಿರುತ್ತೀರಿ. ಅದು ಕೋಶದ ಹೊರಗೆ ಬಂದು ನರಗಳಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನೂ ಮಾಡುತ್ತದೆ ಎಂದು ಜೆಫ್ರಿ ಬರ್ನ್‌ಸ್ಟಾಕ್ ಎಂಬ ವಿಜ್ಞಾನಿ 1972ರಲ್ಲಿ ವಾದಿಸಿದಾಗ ಬಹಳ ಜನ ನಂಬಲಿಲ್ಲ. ಮುಂದೆ ಅದು ನಿಜವೆಂದು ತೇಲಿತು. ಶ್ವಾಸನಾಳದ ಒಳಪದರಕ್ಕೆ ಪೆಟ್ಟಾದಾಗ ಎಟಿಪಿ ಹೊರಬರುತ್ತದೆ. ನರದ ತುದಿಯಲ್ಲಿ ಪಿ2ಎಕ್ಸ್3 ಎಂಬ ಗ್ರಾಹಕವಿದೆ. ಎಟಿಪಿ ಹೋಗಿ ಆ ಬಾಗಿಲು ತಟ್ಟಿದರೆ ನರ ಮೆದುಳಿಗೆ 'ಕೆಮ್ಮು' ಎಂದು ಹೇಳುತ್ತದೆ. ಬಾಗಿಲಿಗೆ ಅಗುಳಿ ಹಾಕಿದರೆ ಕೆಮ್ಮು ಇಳಿಯಬೇಕು. ಹೊಸ ಗುಳಿಗೆಗಳ ಲೆಕ್ಕಾಚಾರ ಇಷ್ಟೇ.

ತೊಡಕು ಇರುವುದು ಪಕ್ಕದ ಬಾಗಿಲಲ್ಲಿ. ಇದಕ್ಕೆ ತಮ್ಮನಂತಿರುವ ಪಿ2ಎಕ್ಸ್2/3 ಎಂಬ ಗ್ರಾಹಕ ರುಚಿಯ ನರಗಳಲ್ಲಿದೆ. ಕೆಮ್ಮಿನ ಬಾಗಿಲಿಗೆ ಅಗುಳಿ ಹಾಕಲು ಹೋದರೆ ನಾಲಿಗೆಯ ಬಾಗಿಲೂ ಮುಚ್ಚಿಕೊಳ್ಳುತ್ತದೆ.

ಈ ಗುಂಪಿನ ಮೊದಲ ಗುಳಿಗೆ ಗೆಫಾಪಿಕ್ಸಾಂಟ್. ಇಂಗ್ಲೆಂಡಿನಲ್ಲಿ ಬರೀ 24 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಗಲಿನ ಕೆಮ್ಮು, ಔಷಧವಿಲ್ಲದ ಗುಳಿಗೆಗೆ ಹೋಲಿಸಿದರೆ ಶೇ 75ರಷ್ಟು ಇಳಿದಿತ್ತು. ಆದರೆ ಔಷಧ ನುಂಗಿದ ಪ್ರತಿಯೊಬ್ಬರಿಗೂ ರುಚಿ ಕೆಟ್ಟಿತ್ತು, ಆರು ಜನ ಅದೇ ಕಾರಣಕ್ಕೆ ನಡುವೆ ಬಿಟ್ಟು ಹೋದರು. ಆಗ ಕೊಟ್ಟದ್ದು ದಿನಕ್ಕೆ ಎರಡು ಸಲ 600 ಮಿಲಿಗ್ರಾಂ. ಮುಂದೆ ಔಷಧವನ್ನು ಮೆರ್ಕ್ ಕಂಪನಿ ಕೊಂಡು, ಪ್ರಮಾಣವನ್ನು 45 ಮಿಲಿಗ್ರಾಂಗೆ ಇಳಿಸಿ, ಎರಡು ದೊಡ್ಡ ಟ್ರಯಲ್‌ಗಳಲ್ಲಿ 2,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿತು. 2022ರಲ್ಲಿ ಪ್ರಕಟವಾದ ಅಂಕಿಗಳು ನನ್ನಂಥವರಿಗೆ ಪಾಠ. ಮೊದಲ ಟ್ರಯಲ್‌ನಲ್ಲಿ ಔಷಧ ಪಡೆದವರ ಕೆಮ್ಮು ಗಂಟೆಗೆ ಸುಮಾರು 18ರಿಂದ 7ಕ್ಕೆ ಇಳಿಯಿತು. ಎಂಥ ಯಶಸ್ಸು ಎನ್ನುವಷ್ಟರಲ್ಲಿ, ಔಷಧವೇ ಇಲ್ಲದ ಗುಳಿಗೆ ನುಂಗಿದವರದು ಸುಮಾರು 23ರಿಂದ 10ಕ್ಕೆ ಇಳಿದಿತ್ತು! ಲೆಕ್ಕ ಹಾಕಿ ನೋಡಿದರೆ ಔಷಧದಿಂದಲೇ ಆದ ಹೆಚ್ಚುವರಿ ಲಾಭ ಒಂದರಲ್ಲಿ ಶೇ 18.5, ಇನ್ನೊಂದರಲ್ಲಿ ಶೇ 14.6. ಅರ್ಧಕ್ಕಿಂತ ಹೆಚ್ಚು ಜನಕ್ಕೆ ರುಚಿಯ ತೊಂದರೆ ಇದ್ದೇ ಇತ್ತು.

ಒಂದೇ ಅಂಕಿಯನ್ನು ನೋಡಿ ಜಗತ್ತು ಎರಡು ತೀರ್ಪು ಕೊಟ್ಟಿತು. ಜಪಾನ್ 2022ರ ಜನವರಿಯಲ್ಲಿ, ಯುರೋಪಿಯನ್ ಒಕ್ಕೂಟ 2023ರ ಸೆಪ್ಟೆಂಬರ್‌ನಲ್ಲಿ ಔಷಧಕ್ಕೆ ಅನುಮತಿ ಕೊಟ್ಟವು. ಅಮೆರಿಕದ ಎಫ್‌ಡಿಎ ಕೆಮ್ಮು ಎಣಿಸಿದ ವಿಧಾನದ ಬಗ್ಗೆಯೇ ಪ್ರಶ್ನೆ ಎತ್ತಿತು. 2023ರ ನವೆಂಬರ್‌ನಲ್ಲಿ ಅದರ ತಜ್ಞರ ಸಮಿತಿ, ಈ ಲಾಭ ರೋಗಿಗೆ ಅನುಭವಕ್ಕೆ ಬರುವಷ್ಟಿಲ್ಲ ಎಂದು 12-1ರಲ್ಲಿ ಮತ ಹಾಕಿತು. ಮುಂದಿನ ತಿಂಗಳು ಅರ್ಜಿ ಎರಡನೇ ಸಲ ತಿರಸ್ಕೃತವಾಯಿತು. ಬಾಯರ್ ತನ್ನ ಎಲಿಯಾಪಿಕ್ಸಾಂಟ್ ಅನ್ನು 2022ರಲ್ಲೇ ಕೈಬಿಟ್ಟಿತ್ತು. ರುಚಿಯನ್ನು ಅಷ್ಟಾಗಿ ಕೆಡಿಸದ ಗುಳಿಗೆಗಾಗಿ ಬೇರೆ ಕಂಪನಿಗಳ ಹುಡುಕಾಟ ಮುಂದುವರಿಯಿತು.

ಸೊಂಟಕ್ಕೊಂದು ಪೆಟ್ಟಿಗೆ, ಎದೆಗೊಂದು ಮೈಕು

ಕೆಮ್ಮು ಎಣಿಸುವುದು ಹೇಗೆ ಎಂದು ಕೇಳುತ್ತೀರಾದರೆ, ಕೂತು ಎಣಿಸುವುದಿಲ್ಲ. ಸೊಂಟಕ್ಕೆ ಚೀಲದಲ್ಲಿ ಒಂದು ರೆಕಾರ್ಡರ್, ಕಾಲರಿಗೆ ಒಂದು ಮೈಕು, ಎದೆಗೆ ಅಂಟಿಸಿದ ಇನ್ನೊಂದು ಮೈಕು. 24 ಗಂಟೆ ಅದನ್ನು ಹೊತ್ತುಕೊಂಡೇ ಊಟ, ನಿದ್ದೆ, ಕೆಲಸ. ಆಮೇಲೆ ಕಂಪ್ಯೂಟರ್ ಮೌನವನ್ನೂ ಕೆಮ್ಮಲ್ಲದ ಸದ್ದನ್ನೂ ತೆಗೆದುಹಾಕುತ್ತದೆ. ಉಳಿದದ್ದನ್ನು ತರಬೇತಾದವರು ಕಿವಿಗೊಟ್ಟು ಕೇಳಿ ಒಂದೊಂದಾಗಿ ಎಣಿಸುತ್ತಾರೆ. ಆ ಲೆಕ್ಕ ನಮ್ಮ ಆಸ್ಪತ್ರೆಗೆ ಬರುವುದಿಲ್ಲ, ನೇರ ಟ್ರಯಲ್‌ನ ಕೇಂದ್ರಕ್ಕೆ ಹೋಗುತ್ತದೆ.

'ಮನಿ ಜಗಳಾನೂ ಕೇಳ್ತಾರೇನು?' ಇದು ಎಲ್ಲರೂ ಕೇಳುವ ಪ್ರಶ್ನೆ. ಮೈಕು ಜಗಳವನ್ನೂ ಹಿಡಿಯುತ್ತದೆ ಎಂದು ಇದ್ದದ್ದು ಇದ್ದಂತೆ ಹೇಳಬೇಕು. ಹೆಸರಿನ ಬದಲು ಒಂದು ನಂಬರ್ ಮಾತ್ರ ಹೋಗುತ್ತದೆ ಎಂಬುದನ್ನೂ ಹೇಳಬೇಕು.

ಗಂಟೆಗೆ ಇಪ್ಪತ್ತು ಸಲ ಎಂದರೆ ದಿನಕ್ಕೆ 480 ಸಲ. ಕೇಳುವವರಿಗೆ ಇದು ಅಂಕಿ. ಕೆಮ್ಮುವವರಿಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವುದು, ಮದುವೆ ಮನೆಗೆ ಹೋಗುವುದನ್ನೇ ಬಿಡುವುದು, ಗಂಡನ ನಿದ್ದೆ ಕೆಡುತ್ತದೆಂದು ಅಡುಗೆಮನೆಯಲ್ಲಿ ಮಲಗುವುದು. ಕೆಮ್ಮಿದಾಗ ಮೂತ್ರ ಜಾರುವ ಸಂಗತಿಯನ್ನಂತೂ ಹೆಂಗಸರು ನನ್ನ ಮುಂದೆ ಬಾಯಿ ಬಿಟ್ಟು ಹೇಳುವುದಿಲ್ಲ. ನರ್ಸ್ ಕೇಳಿದಾಗ ಹೇಳುತ್ತಾರೆ, ಅದೂ ಮೂರನೆಯ ಭೇಟಿಯಲ್ಲಿ.

ಕಲಬುರಗಿಯ ಅಕ್ಕ

ಈಗ ಹೇಳಬೇಕಾದದ್ದು ಒಬ್ಬ ಹೆಣ್ಣುಮಗಳ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕಲಬುರಗಿ ಜಿಲ್ಲೆಯ ಹಳ್ಳಿಯಿಂದ ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಪುಣೆಗೆ ಬಂದು ಮೂವತ್ತು ವರ್ಷ ಕಳೆದವರು. ವಯಸ್ಸು ಐವತ್ತೈದರ ಆಸುಪಾಸು. ಈಗ ಒಂದು ಖಾನಾವಳಿಗೆ ಜೋಳದ ರೊಟ್ಟಿ, ಪಲ್ಯ ಮಾಡಿಕೊಡುತ್ತಾರೆ. ಆರು ವರ್ಷಗಳಿಂದ ಕೆಮ್ಮು. ಕ್ಷಯ ಅಲ್ಲ, ಅಸ್ತಮಾ ಅಲ್ಲ, ಬಿ.ಪಿ. ಮಾತ್ರೆ ಇಲ್ಲ. ಕೊರೊನಾ ಬಂದ ವರ್ಷ, ಮನೆಗೆಲಸ ಮಾಡುತ್ತಿದ್ದ ಎರಡು ಫ್ಲಾಟಿನವರು ಕೆಮ್ಮು ಕೇಳಿಯೇ ಬಿಡಿಸಿದ್ದರು. ನಮ್ಮ ಡಾಕ್ಟರು ಅವರನ್ನು ಟ್ರಯಲ್‌ಗೆ ಪರಿಗಣಿಸಬಹುದು ಎಂದರು.

ನಮ್ಮಲ್ಲಿದ್ದ ಒಪ್ಪಿಗೆ ಪತ್ರಗಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಅವರು ಓದಿದವರಲ್ಲ, ಆದರೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತದೆ. ಮರಾಠಿಯಲ್ಲಿ ಓದಿ ಹೇಳಿದರೆ ನಡೆಯುತ್ತದಾ ಎಂದು ಕೇಳಿದೆ.

'ಬಾಜಾರಕ್ಕ ಮರಾಠಿ ಸಾಕು ತಮ್ಮಾ. ದವಾಖಾನಿದಾಗ ನಮ್ಮ ಮಾತೇ ಬೇಕು' ಎಂದರು.

ನಿಯಮವೂ ಅವರ ಪರವೇ ಇದೆ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ಪರೀಕ್ಷೆಗೆ ಒಳಗಾಗುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ನಾನು ಕನ್ನಡದವನು, ಎದುರಿಗೆ ಕೂತು ಬಾಯಿಮಾತಿನಲ್ಲಿ ಹೇಳಿಬಿಡುತ್ತೇನೆ ಎಂದರೆ ಆಗುವುದಿಲ್ಲ. ಪತ್ರ ಕನ್ನಡಕ್ಕೆ ಬರಬೇಕು, ಬೇರೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು. 'ಒಬ್ಬರಿಗಾಗಿ ಇಷ್ಟು ಖರ್ಚು, ಇಷ್ಟು ದಿನ ಬೇಕಾ?' ಎಂದು ಕಂಪನಿಯ ಕಡೆಯವರು ಫೋನಿನಲ್ಲಿ ಕೇಳಿದರು. ಪುಣೆಯಲ್ಲಿ ಕಲಬುರಗಿ, ವಿಜಯಪುರ ಕಡೆಯ ಜನ ಎಷ್ಟಿದ್ದಾರೆ ಗೊತ್ತೇ ಎಂದು ನಾನು ಕೇಳಿದೆ. ನಮ್ಮ ಡಾಕ್ಟರು ಮರಾಠಿಯವರು. ಅವರು, 'ಕನ್ನಡ ಪತ್ರ ಬಾರದೆ ಈ ಪೇಷಂಟನ್ನು ಸೇರಿಸಿಕೊಳ್ಳುವುದಿಲ್ಲ' ಎಂದು ಮೇಲ್ ಹಾಕಿದರು. ಮಾತು ಅಲ್ಲಿಗೆ ಮುಗಿಯಿತು.

ಎರಡೂ ಕಡೆ ಕುರುಡು

ಕನ್ನಡ ಪತ್ರ ಬಂತು. ಓದಿ ನನಗೇ ತಲೆ ತಿರುಗಿತು. ಯಾರಿಗೆ ಯಾವ ಗುಳಿಗೆ ಎಂಬುದು ಡಾಕ್ಟರಿಗೂ ರೋಗಿಗೂ ಗೊತ್ತಿರುವುದಿಲ್ಲ ಎಂಬುದಕ್ಕೆ 'ಉಭಯಾಂಧ ಅಧ್ಯಯನ' ಎಂದು ಬರೆದಿದ್ದರು. ಅದನ್ನು ಬಿಡಿಸಿ 'ಎರಡೂ ಕಡೆ ಕುರುಡು' ಎಂದು, ಆಸ್ಪತ್ರೆಯಲ್ಲಿ ಕಸ ಗುಡಿಸುವ ವಿಜಯಪುರದ ಹೆಣ್ಣುಮಗಳೊಬ್ಬರಿಗೆ ಹೇಳಿ ನೋಡಿದೆ. 'ಅಯ್ಯ, ಎರಡೂ ಕಣ್ಣು ಹೋಗ್ತಾವೇನ್ರಿ?' ಎಂದು ಗಾಬರಿಯಾದರು.

'ಯಾದೃಚ್ಛಿಕ' ಎಂಬ ಪದಕ್ಕೆ 'ಚೀಟಿ ಎತ್ತಿದಂತೆ' ಎಂದು ಹಾಕೋಣವೆಂದರೆ, ನಮ್ಮ ಜನಕ್ಕೆ ಚೀಟಿ ಎಂದರೆ ದುಡ್ಡಿನ ಚೀಟಿಯೂ ಹೌದು. ಲಾಟರಿ ಎಂದರೆ ಬಹುಮಾನ ನೆನಪಾಗುತ್ತದೆ. ಔಷಧವಿಲ್ಲದ ಗುಳಿಗೆಗೆ 'ಹುಸಿ ಗುಳಿಗೆ' ಎಂದರೆ ಮೋಸದ ವಾಸನೆ. ಕೊನೆಗೆ ಜಾಣ ಪದಗಳನ್ನೆಲ್ಲ ಬಿಟ್ಟು ಸರಳ ವಾಕ್ಯಗಳನ್ನೇ ಸೂಚಿಸಿದೆವು. 'ನಿಮಗೆ ಔಷಧ ಇರುವ ಗುಳಿಗೆ ಸಿಗಬಹುದು, ಔಷಧ ಇಲ್ಲದ ಗುಳಿಗೆಯೂ ಸಿಗಬಹುದು. ಎರಡೂ ನೋಡಲು ಒಂದೇ ಥರ. ಯಾವುದು ಯಾರಿಗೆ ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ನಿಮಗೂ ಡಾಕ್ಟರಿಗೂ ಅದು ಗೊತ್ತಿರುವುದಿಲ್ಲ.' ಪತ್ರ ತಿದ್ದಿ, ಒಪ್ಪಿಗೆಯಾಗಿ ಬರುವ ಹೊತ್ತಿಗೆ ಆರು ವಾರ ಹಿಡಿಯಿತು. ಹೊರನಾಡಿನಲ್ಲಿ ಕನ್ನಡದ ಕೆಲಸವೆಂದರೆ ರಾಜ್ಯೋತ್ಸವ, ನಾಟಕ, ಸಂಘದ ಊಟ ಎಂದುಕೊಂಡಿದ್ದ ನನಗೆ ಆ ನಾಲ್ಕು ವಾಕ್ಯ ಕೂಡ ಕನ್ನಡದ ಕೆಲಸವೆನಿಸಿತು.

ಓದಲು ಬಾರದವರ ಒಪ್ಪಿಗೆಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಆಸ್ಪತ್ರೆಯ ಎದುರಿನ ಹೋಟೆಲಿನ ಕ್ಯಾಶಿಯರ್, ಕುಂದಾಪುರದ ಕಡೆಯವರು, ಬಂದು ಕೂತರು. ಕ್ಯಾಮೆರಾ ಆನ್ ಆಯಿತು. ನಾನು ಹಾವೇರಿ ಸೀಮೆಯ ಕನ್ನಡದಲ್ಲಿ ಓದುವುದು, ಅಕ್ಕ ಕಲಬುರಗಿ ಕನ್ನಡದಲ್ಲಿ ಕೇಳುವುದು, ಸಾಕ್ಷಿ ಕುಂದಾಪುರದ ಕನ್ನಡದಲ್ಲಿ 'ಅವ್ರಿಗೆ ಅದ್ ಅರ್ಥ ಆಯ್ಲಿಲ್ಲೆ, ಇನ್ನೊಂದ್ ಸಲ ಹೇಳಿ' ಎನ್ನುವುದು. ಒಂದೂವರೆ ಗಂಟೆ ನಡೆಯಿತು.

ಉಪ್ಪು ನೋಡುವವರು ಯಾರು?

ಜೊತೆಗೆ ಬಂದಿದ್ದ ಮಗ ಮೊದಲೇ ಕೇಳಿದ್ದ: 'ಇವ್ವಾ, ನಿನ್ನ ಮ್ಯಾಲ ಪ್ರಯೋಗ ಮಾಡ್ತಾರಂತ ತಿಳೀತದೇನು ನಿನಗ?' ಅವನ ಅನುಮಾನಕ್ಕೆ ಆಧಾರವಿದೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನಕ್ಕೆ ಹಾಸ್ಟೆಲ್ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಸಹಿ ಹಾಕಿದ್ದನ್ನು ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತ್ತು. ಈಗಿನ ಬಿಗಿ ನಿಯಮಗಳ ಹಿಂದೆ ಅಂಥ ಘಟನೆಗಳೂ ಸುಪ್ರೀಂ ಕೋರ್ಟಿನ ಛೀಮಾರಿಯೂ ಇವೆ. ಅವನಿಗೆ ನಾನು, 'ಹೌದು, ಇದು ಪ್ರಯೋಗವೇ. ಅದಕ್ಕೇ ಇಷ್ಟು ಹೊತ್ತು ಓದ್ತಾ ಇರೋದು' ಎಂದೆ. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಬಿಟ್ಟರೂ ಆಸ್ಪತ್ರೆಯ ಚಿಕಿತ್ಸೆ ನಿಲ್ಲುವುದಿಲ್ಲ. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು, ಪರಿಹಾರ ಕಂಪನಿಯದು. ಸಿಗುವುದು ಬಸ್ಸು-ರಿಕ್ಷಾ ಖರ್ಚು ಮಾತ್ರ, ಸಂಬಳವಲ್ಲ. ಇದೆಲ್ಲ ಹೇಳಿದೆ.

ಅಡ್ಡಪರಿಣಾಮಗಳ ಪಟ್ಟಿಯಲ್ಲಿ ರುಚಿಯ ಬದಲಾವಣೆ ಎಂಬುದು ಒಂದೇ ಸಾಲು. ಹೆಚ್ಚಿನವರು ಅದನ್ನು ದಾಟಿ ಹೋಗುತ್ತಾರೆ. ಅಕ್ಕ ಅಲ್ಲೇ ನಿಂತರು.

'ರುಚಿ ಹೋದ್ರ ಪಲ್ಯದ ಉಪ್ಪು ಯಾರು ನೋಡ್ಬೇಕು? ಎಂಬತ್ತು ಮಂದಿ ಉಣ್ತಾರ ಅಲ್ಲಿ.'

ಲ್ಯಾನ್ಸೆಟ್‌ನ ಲೇಖನಗಳಲ್ಲಿ ರುಚಿಯ ತೊಂದರೆಯನ್ನು 'ಸಾಮಾನ್ಯವಾಗಿ ಸೌಮ್ಯ' ಎಂಬ ಲೆಕ್ಕಕ್ಕೆ ಹಾಕುತ್ತಾರೆ. ಅಡುಗೆಯೇ ಅನ್ನವಾದವರಿಗೆ ಅದು ಸೌಮ್ಯವಲ್ಲ ಎಂಬುದು ಯಾವ ಪತ್ರದಲ್ಲೂ ಬರೆದಿರಲಿಲ್ಲ. ಡಾಕ್ಟರು ಅವತ್ತು ಸಹಿ ಬೇಡವೆಂದರು. ನಾಲ್ಕು ದಿನ ಯೋಚಿಸಿ ಅವರೇ ಬಂದರು. ಸೊಸೆ ಉಪ್ಪು ನೋಡಲು ಒಪ್ಪಿದ್ದಳಂತೆ. ಹೆಬ್ಬೆಟ್ಟು ಒತ್ತುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದರು: 'ಗುಳಿಗಿಂದ ಆರಾಮಾದ್ರ, ಮುಂದೂ ಕೊಡ್ತೀರೇನು?'

ಇಡೀ ಪತ್ರದಲ್ಲಿ ಉತ್ತರ ಹೇಳಲು ಅತಿ ಕಷ್ಟವಾದ ಪ್ರಶ್ನೆ ಇದು. ಟ್ರಯಲ್ ಮುಗಿದ ಮೇಲೂ ಔಷಧವನ್ನು ಉಚಿತವಾಗಿ ಕೊಡಬೇಕೆಂಬ ನಿಯಮ ನಮ್ಮಲ್ಲಿದೆ. ಆದರೆ ಅದಕ್ಕೆ ಷರತ್ತುಗಳಿವೆ. ಆ ಕಾಯಿಲೆಗೆ ಬೇರೆ ಚಿಕಿತ್ಸೆಯೇ ಇರಬಾರದು. ಔಷಧದಿಂದ ಲಾಭವಾಗಿದೆ ಎಂದು ಡಾಕ್ಟರು ಹೇಳಬೇಕು. ಎಥಿಕ್ಸ್ ಕಮಿಟಿ ಒಪ್ಪಬೇಕು. ಕೆಮ್ಮಿಗೆ 'ಬೇರೆ ಚಿಕಿತ್ಸೆ ಇಲ್ಲ' ಎಂದು ಯಾರು ಹೇಳುತ್ತಾರೆ? ಇನ್ನು ಆಕೆಗೆ ಸಿಕ್ಕದ್ದು ಔಷಧವೋ ಖಾಲಿ ಗುಳಿಗೆಯೋ ಎಂದೇ ಗೊತ್ತಿಲ್ಲದಾಗ, ಲಾಭವಾದದ್ದು ಔಷಧದಿಂದ ಎಂದು ಡಾಕ್ಟರು ಬರೆಯುವುದು ಹೇಗೆ? ಡಾಕ್ಟರು ನನ್ನ ಬಾಯಿಂದ ಕನ್ನಡದಲ್ಲಿ ಹೇಳಿಸಿದರು: 'ಬಹುಶಃ ಕೊಡೋಕೆ ಆಗೋದಿಲ್ಲ, ಅಕ್ಕಾ.'

'ಇದ್ದದ್ದು ಹೇಳ್ದಿ' ಎಂದು ಹೆಬ್ಬೆಟ್ಟು ಒತ್ತಿದರು.

ಗುಳಿಗೆ ಮುಗಿದ ಮೇಲೆ

ಮೂರನೆಯ ವಾರಕ್ಕೆ ಬಂದಾಗ, 'ಉಪ್ಪು ನಾಲಿಗಿ ಮ್ಯಾಲ ಕಬ್ಬಿಣ ಇಟ್ಟಂಗ ಆಗ್ಲಾಕತ್ತದ' ಎಂದರು. ರಾತ್ರಿ ನಿದ್ದೆ ಬರುತ್ತಿದೆ ಎಂದೂ ಹೇಳಿದರು. ಇಲ್ಲಿ ವಿಜ್ಞಾನಕ್ಕೊಂದು ದೊಡ್ಡ ತಲೆನೋವಿದೆ. ರುಚಿ ಕೆಟ್ಟವರು, ತಮಗೆ ನಿಜವಾದ ಔಷಧವೇ ಸಿಕ್ಕಿದೆ ಎಂದು ಊಹಿಸಿಬಿಡುತ್ತಾರೆ. ಊಹಿಸಿದ ಮೇಲೆ ಕೆಮ್ಮು ಇಳಿದದ್ದು ಔಷಧದಿಂದಲೋ ನಂಬಿಕೆಯಿಂದಲೋ ಬಿಡಿಸುವುದು ಕಷ್ಟ. ಮುಚ್ಚಿಟ್ಟ ಗುಟ್ಟನ್ನು ನಾಲಿಗೆಯೇ ಬಯಲು ಮಾಡುತ್ತದೆ. ಔಷಧವಿಲ್ಲದ ಗುಳಿಗೆಯಿಂದಲೂ ಕೆಮ್ಮು ಅರ್ಧಕ್ಕಿಂತ ಕೆಳಗೆ ಇಳಿದದ್ದನ್ನು ಮೇಲೆ ನೋಡಿದೆವಲ್ಲ, ಆದ್ದರಿಂದ ಅಕ್ಕನ ನಿದ್ದೆಯನ್ನು ನಂಬಿ ನಾನು ಏನನ್ನೂ ಹೇಳುವಂತಿಲ್ಲ. ಮುಖದಲ್ಲೂ ತೋರಿಸುವಂತಿಲ್ಲ. ಎಲ್ಲರಿಗೂ ಒಂದೇ ಧ್ವನಿಯಲ್ಲಿ 'ಬರೆದುಕೊಂಡೆ' ಎನ್ನುವುದನ್ನು ಈ ಕೆಲಸ ಕಲಿಸುತ್ತದೆ.

ಖಾನಾವಳಿಯಲ್ಲಿ ಎರಡು ಸಲ ಪಲ್ಯ ಉಪ್ಪಾಯಿತಂತೆ. ಮಾಲೀಕ ರೇಗಿದ. ಬಿಡುತ್ತೀರಾ ಎಂದು ಡಾಕ್ಟರು ಕೇಳಿದರು. 'ಆರು ವರ್ಷದಾಗ ಹಿಂಗ ಮಲಗಿದ್ದಿಲ್ಲ, ಬಿಡಂಗಿಲ್ಲ' ಎಂದರು. ಕೊನೆಯ ಭೇಟಿಯವರೆಗೂ ಒಂದು ಗುಳಿಗೆ ತಪ್ಪಿಸಲಿಲ್ಲ.

ಗುಳಿಗೆ ನಿಂತ ವಾರದಲ್ಲೇ ರುಚಿ ಮರಳಿತು. ಹಿಂದೆಯೇ ಕೆಮ್ಮೂ ಬಂತು. ಒಂದು ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು, 'ನಿಮ್ಮ ಕಪಾಟದಾಗ ಉಳಿದಾವಲ್ಲ, ನಾಲ್ಕು ಕೊಡು' ಎಂದರು. ಉಳಿದ ಗುಳಿಗೆಗಳನ್ನು ಎಣಿಸಿ, ಮೊಹರು ಹಾಕಿ, ಅವರ ಕಣ್ಣೆದುರೇ ಪೆಟ್ಟಿಗೆಗೆ ತುಂಬಿದ್ದೆ. ಕೊಡಲಾಗುವುದಿಲ್ಲ ಎಂದು ಮೊದಲೇ ಹೇಳಿದ್ದೂ ನಿಜ, ಅವರು ಒಪ್ಪಿದ್ದೂ ನಿಜ. ಆದರೂ ಆರು ತಿಂಗಳು ನಿದ್ದೆ ಕಂಡವರಿಗೆ ಮತ್ತೆ ಆ ರಾತ್ರಿಗಳು ಬಂದಾಗ, ಪತ್ರದಲ್ಲಿ ಬರೆದಿತ್ತು ಎನ್ನುವುದು ಸಮಾಧಾನವಲ್ಲ.

ಡಾಕ್ಟರು ಅವರನ್ನು ಸ್ಪೀಚ್ ಥೆರಪಿಸ್ಟ್ ಬಳಿ ಕಳಿಸಿದರು. ಕೆಮ್ಮು ಏಳುವ ಮುನ್ನ ಗಂಟಲಲ್ಲಿ ಆಗುವ ಕಡಿತವನ್ನು ಗುರುತಿಸುವುದು, ಆ ಕ್ಷಣಕ್ಕೆ ಗುಟುಕು ನೀರು ನುಂಗುವುದು, ಮೂಗಿನಿಂದ ಉಸಿರೆಳೆದು ತುಟಿ ಕೂಡಿಸಿ ನಿಧಾನ ಬಿಡುವುದು. ಇದು ಮನೆಮದ್ದಿನಂತೆ ಕಂಡರೂ ಟ್ರಯಲ್‌ನಲ್ಲಿ ಪರೀಕ್ಷೆಯಾಗಿ ಉಪಯೋಗ ಕಂಡಿರುವ ಚಿಕಿತ್ಸೆ, ರುಚಿಯನ್ನೂ ಕೆಡಿಸುವುದಿಲ್ಲ. ಅವರ ಕೆಮ್ಮು ಅದರಿಂದ ಸ್ವಲ್ಪ ತಗ್ಗಿದೆ. ಪೂರ್ತಿ ಹೋಗಿಲ್ಲ. ಥೆರಪಿಸ್ಟ್‌ಗೆ ಕನ್ನಡ ಬರುವುದಿಲ್ಲ. ಮೊದಲ ಎರಡು ದಿನ ನಾನು ಜೊತೆ ಕೂತಿದ್ದೆ.

ಹೊರನಾಡಿನಲ್ಲಿರುವ ಓದುಗರಿಗೆ ಒಂದು ಮಾತು. ನಾವು ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಪರಭಾಷೆಯಲ್ಲಿ ವ್ಯವಹರಿಸುವುದು ರೂಢಿಯಾಗಿ, ಆಸ್ಪತ್ರೆಯ ಕಾಗದಕ್ಕೂ ಹಾಗೆಯೇ ಸಹಿ ಹಾಕಿಬಿಡುತ್ತೇವೆ. ನಿಮ್ಮ ಜೊತೆಗಿರುವ ತಂದೆತಾಯಿಗೆ, ಮನೆಗೆಲಸದವರಿಗೆ, ಸೈಟಿನ ಕೂಲಿಯವರಿಗೆ ಯಾರಾದರೂ ಟ್ರಯಲ್ ಬಗ್ಗೆ ಹೇಳಿದರೆ ಹೆದರಿ ಓಡಬೇಕಿಲ್ಲ. ಟ್ರಯಲ್ ಇಲ್ಲದೆ ಯಾವ ಔಷಧವೂ ನಮ್ಮ ಮನೆಗೆ ಬಂದಿಲ್ಲ. ಆದರೆ ಕೇಳಿ. ಕನ್ನಡದ ಪತ್ರ ಕೇಳಿ. ಅದರ ಒಂದು ಪ್ರತಿ ಮನೆಗೆ ಕೊಡಿ ಎನ್ನಿ. ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಆ ಟ್ರಯಲ್ ನೋಂದಣಿಯಾಗಿದೆಯೇ ಎಂದು ನೋಡಿ. ಮುಗಿದ ಮೇಲೆ ಏನು ಎಂದು, ಅಕ್ಕ ಕೇಳಿದಂತೆ, ಸಹಿಗೆ ಮೊದಲೇ ಕೇಳಿ.

ಹೆಲ್ಸಿಂಕಿ ಘೋಷಣೆ ಎಂಬ ವೈದ್ಯಕೀಯ ಸಂಶೋಧನೆಯ ನೀತಿಸಂಹಿತೆ 1964ರಿಂದ ಇದೆ. 2024ರಲ್ಲಿ ಅದನ್ನು ಪರಿಷ್ಕರಿಸಿದಾಗ, ಪರೀಕ್ಷೆಗೆ ಒಳಗಾಗುವವರನ್ನು 'ಪ್ರಯೋಗದ ವಸ್ತು' ಎಂಬ ಅರ್ಥದ ಹಳೆಯ ಪದ ಬಿಟ್ಟು 'ಭಾಗಿಗಳು' ಎಂದು ಕರೆದರು. ಭಾಗಿಯಾದವರಿಗೆ ಫಲಿತಾಂಶ ತಿಳಿಯುವ ಅವಕಾಶ ಇರಬೇಕು ಎಂದೂ ಅದು ಹೇಳುತ್ತದೆ. ನಮ್ಮ ಟ್ರಯಲ್‌ನ ಗುಟ್ಟು ಇನ್ನೂ ಒಡೆದಿಲ್ಲ. ಎಲ್ಲ ದೇಶಗಳ ಲೆಕ್ಕ ಮುಗಿದ ಮೇಲೆ ಅಕ್ಕನಿಗೆ ಸಿಕ್ಕದ್ದು ಯಾವ ಗುಳಿಗೆ ಎಂದು ಪತ್ರ ಬರುತ್ತದೆ. ಆ ಪತ್ರ ಕನ್ನಡದಲ್ಲೂ ಬರಬೇಕೆಂದು ಕಂಪನಿಗೆ ಈಗಲೇ ಬರೆದಿದ್ದೇನೆ. ಪ್ರತಿ ತಿಂಗಳ ಮೊದಲ ಸೋಮವಾರ ಒಂದು ಜ್ಞಾಪನ ಕಳಿಸುತ್ತೇನೆ. ಇದುವರೆಗೆ ಮೂರು ಹೋಗಿವೆ.